ಹೊಟ್ಟೆಯ ಆಪರೇಷನ್ ಆದಮೇಲೆ ಉಸಿರಾಟದ ವ್ಯಾಯಾಮ ಯಾಕೆ?

"ಆಪರೇಷನ್ ಆಗಿದ್ದು ಹೊಟ್ಟೆಗೆ, ನೀವ್ಯಾಕೆ ಎದೆ ನೋಡ್ತೀರಿ?" ವಾರ್ಡಿನಲ್ಲಿ ಫಿಸಿಯೋಥೆರಪಿಸ್ಟ್‌ಗಳಿಗೆ ಎದುರಾಗುವ ಪ್ರಶ್ನೆ ಇದು. ಕೇಳಬೇಕಾದ್ದೇ. ಹೊಟ್ಟೆಗೂ ಎದೆಗೂ ನಡುವೆ ವಪೆ ಎಂಬ ಸ್ನಾಯು ಇದೆ. ಉಸಿರು ಎಳೆದುಕೊಳ್ಳುವ ಮುಖ್ಯ ಕೆಲಸ ಅದರದ್ದು. ಹೊಟ್ಟೆಯ ಮೇಲ್ಭಾಗದಲ್ಲಿ ಕೊಯ್ದರೆ ಕೆಲವು ದಿನ ಅದು ಸರಿಯಾಗಿ ಕೆಳಗಿಳಿಯುವುದಿಲ್ಲ. ಜೊತೆಗೆ ನೋವು. ಹಾಗಾಗಿ ಉಸಿರು ಮೇಲೆಮೇಲೇ ಆಡುತ್ತದೆ, ಕೆಮ್ಮು ಬಂದರೂ ತಡೆದುಕೊಳ್ಳುತ್ತಾರೆ. ಶ್ವಾಸಕೋಶದ ತಳದ ಗಾಳಿಚೀಲಗಳು ಮುದುಡುತ್ತವೆ, ಕಫ ಕಟ್ಟುತ್ತದೆ. ನ್ಯುಮೋನಿಯಾಗೆ ಇದೇ ದಾರಿ.

ಉಸಿರಾಟದ ವ್ಯಾಯಾಮಕ್ಕೆಂದೇ ಇರುವ ಮೂರು ಚೆಂಡಿನ ಸಾಧನ ಸ್ಪೈರೋಮೀಟರ್. ಅದನ್ನು ಕೈಗೆ ಕೊಟ್ಟರೆ ಎಷ್ಟೋ ಜನ ಊದುತ್ತಾರೆ. ಚೆಂಡು ಅಲುಗುವುದೇ ಇಲ್ಲ. ಅದು ಊದಲು ಅಲ್ಲ, ಎಳೆಯಲು. ಮೊದಲು ಉಸಿರು ಬಿಡಿ. ಪೈಪನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು ನಿಧಾನವಾಗಿ ಎಳೆಯಿರಿ. ಮೂರೂ ಚೆಂಡು ಟಕ್ಕನೆ ಹಾರಿ ಬೀಳುವುದಕ್ಕಿಂತ ಒಂದೋ ಎರಡೋ ಚೆಂಡು 2-3 ಸೆಕೆಂಡು ಮೇಲೆ ನಿಂತರೆ ಲಾಭ ಜಾಸ್ತಿ. ಎಚ್ಚರವಿದ್ದಾಗ ಗಂಟೆಗೆ ಸುಮಾರು 10 ಸಲ ಮಾಡಿ ಅಂತ ಹೇಳುವುದು ರೂಢಿ. ನಡುವೆ ಬಿಡುವು ಕೊಡಿ, ಇಲ್ಲದಿದ್ದರೆ ತಲೆ ಸುತ್ತುತ್ತದೆ. ಸಾಧನ ಇಲ್ಲವೇ? ಪಕ್ಕೆಲುಬಿನ ಕೆಳಭಾಗದ ಮೇಲೆ ಅಂಗೈ ಇಟ್ಟು, ಅದು ಹೊರಕ್ಕೆ ಸರಿಯುವಷ್ಟು ಆಳವಾಗಿ ಉಸಿರೆಳೆದರೂ ಆದೀತು.

ಕೆಮ್ಮಿದರೆ ಹೊಲಿಗೆ ಬಿಚ್ಚುತ್ತದೆ ಅನ್ನೋ ಭಯ ಎಲ್ಲರಿಗೂ ಇದೆ. ಕುಳಿತು, ಮಂಡಿ ಸ್ವಲ್ಪ ಮಡಚಿ, ಗಾಯದ ಮೇಲೆ ದಿಂಬನ್ನು ಎರಡೂ ಕೈಯಿಂದ ಒತ್ತಿಹಿಡಿದು ಕೆಮ್ಮಿ. ನೋವು ಎಷ್ಟೋ ಕಡಿಮೆ, ಹೊಲಿಗೆಗೂ ಆಸರೆ. ಅದೂ ಆಗದಿದ್ದರೆ ಕನ್ನಡಿಗೆ ಆವಿ ಹಿಡಿಸುವ ಹಾಗೆ ಬಾಯಿ ತೆರೆದು "ಹಾ" ಎಂದು ಜೋರಾಗಿ ಉಸಿರು ಬಿಡಿ. ನೋವಿನ ಮಾತ್ರೆಯನ್ನು ಹಲ್ಲು ಕಚ್ಚಿ ಬೇಡ ಅನ್ನಬೇಡಿ. ನೋವು ಇಳಿದಾಗಲೇ ವ್ಯಾಯಾಮ ಸಾಧ್ಯ.

ಬೆನ್ನು ತಟ್ಟಿ ಅಂತ ಮನೆಯವರು ಒತ್ತಾಯಿಸುತ್ತಾರೆ. ಎಲ್ಲರಿಗೂ ಅದು ಬೇಕಿಲ್ಲ. ನನ್ನ ಕೇಳಿದರೆ, ತಟ್ಟಿಸಿಕೊಂಡು ಮಲಗುವುದಕ್ಕಿಂತ ಎದ್ದು ಕೂರುವುದು, ಡಾಕ್ಟರ್ ಒಪ್ಪಿದ ಕೂಡಲೇ ನಾಲ್ಕು ಹೆಜ್ಜೆ ನಡೆಯುವುದು ಮೇಲು.

ಇದನ್ನೆಲ್ಲ ಆಪರೇಷನ್‌ಗೆ ಮೊದಲೇ ಕಲಿಯಬೇಕು. ಮಂಪರಿನಲ್ಲಿ, ನೋವಿನಲ್ಲಿ ಹೊಸದೇನೂ ತಲೆಗೆ ಹೋಗುವುದಿಲ್ಲ, ಅಲ್ವಾ? ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಹೊಟ್ಟೆಯ ಮೇಲ್ಭಾಗದ ಆಪರೇಷನ್‌ಗೆ ಬಂದ 441 ಜನರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮುಂಚೆಯೇ ಅರ್ಧ ಗಂಟೆ ಫಿಸಿಯೋಥೆರಪಿಸ್ಟ್ ಜೊತೆ ಕೂತು ಕಲಿತವರಲ್ಲಿ ಶ್ವಾಸಕೋಶದ ತೊಂದರೆ ಅರ್ಧದಷ್ಟಾಗಿತ್ತು. ದಿನಾಂಕ ಗೊತ್ತಾದ ಕೂಡಲೇ ಕೇಳಿ ಕಲಿತುಕೊಳ್ಳಿ.

ಆಪರೇಷನ್ ನಂತರ ಜ್ವರ, ಹಳದಿ-ಹಸಿರು ಕಫ, ಏದುಸಿರು, ಎದೆನೋವು ಕಂಡರೆ ಸುಮ್ನೆ ವ್ಯಾಯಾಮ ಹೆಚ್ಚಿಸುತ್ತಾ ಕೂರಬೇಡಿ. ತಕ್ಷಣ ಡಾಕ್ಟರಿಗೆ ತಿಳಿಸಿ.