ಮೆಚ್ಚಿದ ಕಾದಂಬರಿಯನ್ನು ಗೆಳೆಯರಿಂದ ಓದಿಸುವುದು ಹೇಗೆ?

ಓದುಗರ ಪ್ರಶ್ನೆ: ನನಗೆ 16 ವರ್ಷ. ಕಾದಂಬರಿ ಓದುವುದೆಂದರೆ ತುಂಬಾ ಇಷ್ಟ. ಮನಸ್ಸಿಗೆ ಹಿಡಿಸಿದ ಪುಸ್ತಕವನ್ನು ನನ್ನ ವಯಸ್ಸಿನವರಿಗೂ ನನಗಿಂತ ಚಿಕ್ಕವರಿಗೂ ಓದಲು ಹೇಳುತ್ತಿರುತ್ತೇನೆ. ಎಲ್ಲರೂ ‘ಆಯಿತು, ಓದುತ್ತೇನೆ’ ಎನ್ನುತ್ತಾರೆ, ಆದರೆ ಹೆಚ್ಚಿನವರು ಪುಸ್ತಕವನ್ನು ತೆರೆದೂ ನೋಡುವುದಿಲ್ಲ. ನಾನು ಹೇಳುವ ರೀತಿಯಲ್ಲಿ ಏನಾದರೂ ಕೊರತೆ ಇದೆಯೇ? ಒಂದು ಕಾದಂಬರಿಯನ್ನು ಇನ್ನೊಬ್ಬರಿಗೆ ಹೇಗೆ ಶಿಫಾರಸು ಮಾಡಬೇಕು?

ಉತ್ತರ: ಪುಸ್ತಕಗಳನ್ನು ಪ್ರೀತಿಸುವ ಹದಿಹರೆಯದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಈಗಷ್ಟೇ ಒಂದು ಕಾದಂಬರಿಯನ್ನು ಓದಿ ಮುಗಿಸಿದವರು ಸಾಮಾನ್ಯವಾಗಿ ಅದು ತಮ್ಮ ಮೇಲೆ ಮಾಡಿದ ಪರಿಣಾಮವನ್ನು ಹೇಳುತ್ತಾರೆ: ರಾತ್ರಿಯೆಲ್ಲ ಕೂತು ಓದಿದೆ, ಕೊನೆಯಲ್ಲಿ ಅತ್ತುಬಿಟ್ಟೆ, ನೀನು ಓದಲೇಬೇಕು. ಕೇಳಿಸಿಕೊಳ್ಳುವವರು ಆ ಹೊತ್ತಿನಲ್ಲಿ ಬೇರೆಯೇ ಲೆಕ್ಕ ಹಾಕುತ್ತಿರುತ್ತಾರೆ. ಮುನ್ನೂರು ಪುಟಗಳ ಪುಸ್ತಕಕ್ಕೆ ಅವರು ಹಲವು ಗಂಟೆಗಳ ಬಿಡುವನ್ನು ಎತ್ತಿಡಬೇಕು. ಹಾಗೆ ಎತ್ತಿಡಬಹುದೇ ಎಂದು ತೀರ್ಮಾನಿಸಲು ಬೇಕಾದ ಯಾವ ಸುಳಿವೂ ನಿಮ್ಮ ಮೆಚ್ಚುಗೆಯ ಮಾತಿನಲ್ಲಿ ಅವರಿಗೆ ಸಿಕ್ಕಿರುವುದಿಲ್ಲ. ಶಿಫಾರಸು ಎಂದರೆ ಒಂದು ಪುಸ್ತಕವನ್ನೂ ಒಬ್ಬ ಓದುಗರನ್ನೂ ಹೊಂದಿಸುವ ಕೆಲಸ. ಆದ್ದರಿಂದ ಮಾತು ಪುಸ್ತಕದಿಂದ ಆರಂಭವಾಗುವ ಬದಲು ಓದುಗರಿಂದ ಆರಂಭವಾಗಬೇಕು ಎನ್ನುವುದು ನನ್ನ ನೇರ ಉತ್ತರ.

ಹಾಗೆಂದು ನಿಮ್ಮ ಮಾತಿಗೆ ತೂಕವಿಲ್ಲವೆಂದು ಭಾವಿಸಬೇಡಿ. ಫ್ರಾನ್ಸ್‌ನಲ್ಲಿ ಹೆಸರಾಂತ ಗೊಂಕೂರ್ ಸಾಹಿತ್ಯ ಪ್ರಶಸ್ತಿಯ ಜೊತೆಗೆ, 1988ರಿಂದ ವಿದ್ಯಾರ್ಥಿಗಳೇ ನಿರ್ಣಯಿಸುವ ಇನ್ನೊಂದು ಗೊಂಕೂರ್ ಪ್ರಶಸ್ತಿಯೂ ಇದೆ. ಮೂಲ ಪ್ರಶಸ್ತಿಯನ್ನು ಕೊಡುವ ಹಿರಿಯರ ಅಕಾಡೆಮಿ ಮೊದಲು ಪ್ರಕಟಿಸುವ ಪಟ್ಟಿಯಲ್ಲಿನ ಕಾದಂಬರಿಗಳನ್ನು ಸುಮಾರು 2000 ವಿದ್ಯಾರ್ಥಿಗಳು ಎರಡು ತಿಂಗಳಷ್ಟು ಅವಧಿಯಲ್ಲಿ ಓದಿ, ಮೊದಲು ತಮ್ಮ ತರಗತಿಯಲ್ಲಿ, ನಂತರ ಪ್ರಾಂತ್ಯದ ಮಟ್ಟದಲ್ಲಿ, ಕೊನೆಗೆ ರಾಷ್ಟ್ರಮಟ್ಟದಲ್ಲಿ ವಾದಿಸಿ ಒಂದನ್ನು ಆರಿಸುತ್ತಾರೆ. 1995ರಲ್ಲಿ ಎರಡೂ ಪ್ರಶಸ್ತಿಗಳು ಆಂದ್ರೆಯಿ ಮಕೀನ್ ಅವರ ಒಂದೇ ಕಾದಂಬರಿಗೆ ಸಂದವು. ಆದರೆ ಅಂಥ ಸಹಮತ ಅಪರೂಪ. ಜರ್ಮನಿಯಲ್ಲಿ ಮಕ್ಕಳ ಮತ್ತು ಯುವಜನರ ಸಾಹಿತ್ಯಕ್ಕಾಗಿ 1956ರಿಂದ ನಡೆದುಬಂದಿರುವ ಪ್ರಶಸ್ತಿಯಲ್ಲಿಯೂ 2003ರಿಂದ ಹದಿಹರೆಯದ ಓದುಗರ ಕೂಟಗಳದೇ ಒಂದು ಪ್ರತ್ಯೇಕ ತೀರ್ಪುಗಾರರ ಮಂಡಳಿ ಇದ್ದು, ಅದು ವಿಮರ್ಶಕರ ಆಯ್ಕೆಯನ್ನು ಅವಲಂಬಿಸದೆ ತನ್ನದೇ ಬಹುಮಾನವನ್ನು ಕೊಡುತ್ತದೆ. ಈ ಎರಡೂ ಕಡೆ ನನಗೆ ಮುಖ್ಯವಾಗಿ ಕಾಣುವುದು ಬಹುಮಾನಕ್ಕಿಂತ ಅದಕ್ಕೆ ಮೊದಲು ನಡೆಯುವ ಮಾತುಕತೆ. ಅಲ್ಲಿ ‘ನನಗೆ ಇಷ್ಟವಾಯಿತು’ ಎಂದಷ್ಟೇ ಹೇಳಿದರೆ ಎದುರಿಗೆ ಕುಳಿತವರು ಒಪ್ಪುವುದಿಲ್ಲ, ಯಾಕೆ ಎಂದು ಕೇಳುತ್ತಾರೆ. ಆ ‘ಯಾಕೆ’ಗೆ ಉತ್ತರ ಹುಡುಕಿಕೊಂಡವರ ಶಿಫಾರಸು ಇತರರ ಮನಸ್ಸಿಗೆ ನಾಟುತ್ತದೆ.

ಆ ಉತ್ತರ ಹುಡುಕಲು ಇಂಗ್ಲೆಂಡಿನ ಲೇಖಕ, ಶಿಕ್ಷಕ ಏಡನ್ ಚೇಂಬರ್ಸ್ ಸೂಚಿಸಿದ ನಾಲ್ಕು ಸರಳ ಪ್ರಶ್ನೆಗಳು ಸಾಕು. ಏನು ಇಷ್ಟವಾಯಿತು, ಏನು ಇಷ್ಟವಾಗಲಿಲ್ಲ, ಯಾವುದು ಒಗಟಾಗಿ ಉಳಿಯಿತು, ಯಾವ ಸಂಗತಿ ಅಥವಾ ವಿನ್ಯಾಸ ಮತ್ತೆ ಮತ್ತೆ ಕಾಣಿಸಿಕೊಂಡಿತು. ಓದಿ ಮುಗಿಸಿದ ಮೇಲೆ ಯಾರ ಬಳಿಯೂ ಹೇಳುವ ಮೊದಲು ನೀವೇ ಇವುಗಳನ್ನು ಕೇಳಿಕೊಳ್ಳಿ. ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳನ್ನು ಬಿಟ್ಟುಬಿಡುವ ಆಸೆ ಮೂಡುತ್ತದೆ, ಏಕೆಂದರೆ ಮೆಚ್ಚಿದ ಪುಸ್ತಕದಲ್ಲಿ ಕುಂದು ಹುಡುಕುವುದು ದ್ರೋಹವೆಂಬಂತೆ ತೋರುತ್ತದೆ. ಆದರೆ ನಿಮ್ಮ ಮಾತನ್ನು ಜಾಹೀರಾತಿನಿಂದ ಬೇರ್ಪಡಿಸುವುದು ಆ ಎರಡು ಪ್ರಶ್ನೆಗಳ ಉತ್ತರವೇ.

ಈಗ ಓದುಗರ ವಿಚಾರಕ್ಕೆ ಬರೋಣ. ‘ನಿನಗೆ ಎಂಥ ಪುಸ್ತಕ ಇಷ್ಟ?’ ಎಂದು ಕೇಳಿದರೆ ಬಹಳ ಮಂದಿಗೆ ಉತ್ತರ ಹೊಳೆಯುವುದಿಲ್ಲ. ಅದಕ್ಕಿಂತ ‘ನೀನು ಕೊನೆಯ ಸಲ ಬಿಡದೆ ಓದಿದ್ದು ಯಾವುದು, ಅದರಲ್ಲಿ ಈಗಲೂ ನೆನಪಿರುವುದೇನು?’ ಎಂದು ಕೇಳುವುದು ಉತ್ತಮ. ಓದುವ ರೂಢಿಯೇ ಇಲ್ಲದವರಾದರೆ ಅವರು ಮೆಚ್ಚಿದ ಸಿನಿಮಾ ಅಥವಾ ಸರಣಿಯ ಬಗ್ಗೆ ಇದೇ ಪ್ರಶ್ನೆಯನ್ನು ಕೇಳಬಹುದು. ಬರುವ ಉತ್ತರವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂಬುದಕ್ಕೆ ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಕೊಟ್ಟ ವಿವರಣೆ ತುಂಬಾ ಉಪಯುಕ್ತ. ಅವರ ಪ್ರಕಾರ ಓದುಗರು ಒಂದು ಪುಸ್ತಕದೊಳಗೆ ಪ್ರವೇಶಿಸಲು ಕಥೆ, ಪಾತ್ರ, ಕಥೆ ನಡೆಯುವ ಪರಿಸರ, ಭಾಷೆ ಎಂಬ ನಾಲ್ಕು ಬಾಗಿಲುಗಳಿವೆ. ಪ್ರತಿ ಕಾದಂಬರಿಯಲ್ಲಿಯೂ ನಾಲ್ಕೂ ಇರುತ್ತವೆಯಾದರೂ ಎಲ್ಲವೂ ಒಂದೇ ಅಗಲದವಲ್ಲ, ಮತ್ತು ಪ್ರತಿಯೊಬ್ಬ ಓದುಗರಿಗೂ ತಮ್ಮದೇ ಆದ ಇಷ್ಟದ ಬಾಗಿಲು ಇರುತ್ತದೆ.

ಒಂದು ಕಾದಂಬರಿಯನ್ನು ಕಲ್ಪಿಸಿಕೊಳ್ಳಿ. ದ್ವೀಪವೊಂದರ ದೀಪಸ್ತಂಭದಲ್ಲಿ ಅಜ್ಜನೊಂದಿಗೆ ಬೆಳೆಯುತ್ತಿರುವ ಹುಡುಗಿಗೆ ದೂರದ ನಗರದಲ್ಲಿರುವ ಅಣ್ಣನಿಂದ ಪ್ರತಿ ತಿಂಗಳೂ ಬರುತ್ತಿದ್ದ ಪತ್ರ ಒಮ್ಮೆಲೇ ನಿಂತುಹೋಗುತ್ತದೆ. ಮುಂದೇನಾಯಿತು ಎಂಬ ಕುತೂಹಲಕ್ಕಾಗಿ ಓದುವವರಿಗೆ ನೀವು ನಿಂತುಹೋದ ಪತ್ರದ ಬಗ್ಗೆ, ಅಜ್ಜನಿಗೆ ಕಾರಣ ಗೊತ್ತಿದ್ದೂ ಹೇಳುತ್ತಿಲ್ಲವೆಂದು ಹುಡುಗಿಗೆ ಬರುವ ಅನುಮಾನದ ಬಗ್ಗೆ ಹೇಳಬೇಕು. ಮನುಷ್ಯರ ಒಳಗನ್ನು ತಿಳಿಯಲು ಓದುವವರಿಗೆ, ತಪ್ಪು ತನ್ನದೆಂದು ಗೊತ್ತಾದಾಗಲೂ ಕ್ಷಮೆ ಕೇಳಲಾಗದ ಆ ಹುಡುಗಿಯ ಹಟದ ಬಗ್ಗೆ ಹೇಳಬೇಕು. ಬೇರೊಂದು ಲೋಕದಲ್ಲಿ ಕೆಲವು ದಿನ ಇದ್ದುಬರಲು ಬಯಸುವವರಿಗೆ ಆ ದ್ವೀಪದ ಗಾಳಿ, ಮಂಜು, ಹಡಗುಗಳು ಬರದ ತಿಂಗಳುಗಳಲ್ಲಿ ಅಲ್ಲಿನ ಬದುಕು ಹೇಗೆ ಸಾಗುತ್ತದೆ ಎನ್ನುವುದು ಮುಖ್ಯ. ಭಾಷೆಗೆ ಮನಸೋಲುವವರಿಗೆ ಏನನ್ನೂ ವಿವರಿಸಬೇಕಾಗಿಲ್ಲ, ಒಂದು ಪುಟವನ್ನು ತೆರೆದು ಕೈಗೆ ಕೊಟ್ಟರೆ ಸಾಕು. ನಾಲ್ವರಿಗೂ ನೀವು ಹೇಳಿದ್ದು ಒಂದೇ ಪುಸ್ತಕದ ಬಗ್ಗೆ, ಯಾರಿಗೂ ಸುಳ್ಳು ಹೇಳಿಲ್ಲ. ಇನ್ನು ಆ ಕಾದಂಬರಿಯಲ್ಲಿ ಘಟನೆಗಳು ತೀರಾ ಕಡಿಮೆಯಿದ್ದು, ನಿಮ್ಮ ಗೆಳತಿ ಘಟನೆಗಳಿಗಾಗಿಯೇ ಓದುವವಳಾಗಿದ್ದರೆ, ಎಷ್ಟೇ ಮೆಚ್ಚಿದ್ದರೂ ಅದನ್ನು ಅವಳಿಗೆ ಹೇಳದಿರುವುದೇ ಸರಿ. ನನ್ನ ಅಭಿಪ್ರಾಯದಲ್ಲಿ ಈ ಸಂಯಮವೇ ಶಿಫಾರಸಿನ ಅತ್ಯಂತ ಕಷ್ಟದ ಭಾಗ.

ಎಷ್ಟು ಕಥೆ ಹೇಳಬೇಕು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಬೆನ್ನುಡಿಯಲ್ಲಿ ಇರುವುದಕ್ಕಿಂತ ಹೆಚ್ಚು ಬೇಡ. ಕಥೆಯ ಗಂಟು ಬೀಳುವವರೆಗೆ ಹೇಳಿ, ಅದು ಬಿಚ್ಚಿಕೊಳ್ಳುವ ಕಡೆಗೆ ಹೋಗಬೇಡಿ. ‘ಕೊನೆಯಲ್ಲಿ ಒಂದು ದೊಡ್ಡ ತಿರುವು ಇದೆ’ ಎಂಬ ಮಾತು ಕೂಡ ಓದುವವರು ಪ್ರತಿ ಪುಟದಲ್ಲಿಯೂ ಆ ತಿರುವನ್ನೇ ಕಾಯುವಂತೆ ಮಾಡಿ ಓದನ್ನು ಕೆಡಿಸುತ್ತದೆ. ಹೇಳುವುದಕ್ಕಿಂತ ಓದಿ ತೋರಿಸುವುದು ಎಷ್ಟೋ ಪಾಲು ಪರಿಣಾಮಕಾರಿ. ಒಳ್ಳೆಯ ಸಂಭಾಷಣೆ ಇರುವ ಅರ್ಧ ಪುಟವನ್ನು ಗಟ್ಟಿಯಾಗಿ ಓದಿ, ಕುತೂಹಲದ ಜಾಗದಲ್ಲಿ ನಿಲ್ಲಿಸಿ. ಆ ಅರ್ಧ ಪುಟ ಯಾವುದೆಂದು ಮೊದಲೇ ಆರಿಸಿಟ್ಟುಕೊಂಡಿರಬೇಕು. ಅದು ಪುಸ್ತಕದ ಅತ್ಯುತ್ತಮ ಪುಟವೇ ಆಗಿರಬೇಕಾಗಿಲ್ಲ; ಹಿಂದುಮುಂದು ತಿಳಿಯದವರಿಗೂ ಅರ್ಥವಾಗುವ ಪುಟವಾಗಿರಬೇಕು.

ಅಡ್ಡಿಗಳನ್ನು ಮುಚ್ಚಿಡಬೇಡಿ. ಮೊದಲ ನಲವತ್ತು ಪುಟಗಳು ನಿಧಾನವಾಗಿವೆ, ಪಾತ್ರಗಳ ಹೆಸರು ಗೊಂದಲ ಹುಟ್ಟಿಸುತ್ತವೆ, ಕಥೆ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ ಎಂದು ಮೊದಲೇ ತಿಳಿದಿದ್ದರೆ ಓದುವವರು ಆ ಜಾಗಕ್ಕೆ ಬಂದಾಗ ತಮ್ಮ ಬುದ್ಧಿಯನ್ನೇ ಅನುಮಾನಿಸಿಕೊಂಡು ಪುಸ್ತಕ ಮುಚ್ಚುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ನೋವಿನ ವಿಷಯಗಳ ಸಂಗತಿ. ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳಲ್ಲಿ ಆತ್ಮಹತ್ಯೆ, ತನ್ನ ದೇಹಕ್ಕೆ ತಾನೇ ಹಾನಿ ಮಾಡಿಕೊಳ್ಳುವುದು, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹಿಂಸೆ ಮುಂತಾದವು ಬರುತ್ತವೆ, ಬರಲೂಬೇಕು. ಏಕೆಂದರೆ ಅವು ಆ ವಯಸ್ಸಿನವರ ಬದುಕಿನಲ್ಲಿಯೂ ಇವೆ. ಆದರೆ ಅವುಗಳನ್ನು ಎದುರಿಸಬೇಕೇ ಬೇಡವೇ ಎಂಬುದನ್ನು ಮೊದಲೇ ತಿಳಿದು ಓದುವವರೇ ನಿರ್ಧರಿಸಬೇಕು. ‘ಇದರಲ್ಲಿ ಒಂದು ಪಾತ್ರದ ಆತ್ಮಹತ್ಯೆಯ ಪ್ರಸಂಗ ಬರುತ್ತದೆ, ನಿನಗೆ ತೊಂದರೆಯಿಲ್ಲವಾದರೆ ಓದು’ ಎಂದು ಹೇಳಿದರೆ ಯಾರು, ಯಾವಾಗ ಎಂಬುದು ಬಯಲಾಗುವುದಿಲ್ಲ. ಗೆಳೆಯರೊಬ್ಬರು ಅಂಥದೇ ಸಂಕಟದಲ್ಲಿದ್ದಾರೆಂದು ನಿಮಗೆ ಗೊತ್ತಿದ್ದರೆ ಪುಸ್ತಕವೊಂದನ್ನು ಕೊಟ್ಟು ಸುಮ್ಮನಾಗಬೇಡಿ. ಅವರು ನಂಬುವ ಹಿರಿಯರೊಬ್ಬರ ಹತ್ತಿರ ಮಾತನಾಡಲು ಜೊತೆಗೆ ಹೋಗಿ. ಕಾದಂಬರಿ ಆ ನೆರವಿನ ಬದಲಿಯಾಗಲಾರದು. ನಿಮಗಿಂತ ಚಿಕ್ಕವರ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಲಿ, ಏಕೆಂದರೆ 12 ಮತ್ತು 16ರ ನಡುವಿನ ನಾಲ್ಕು ವರ್ಷಗಳ ಅಂತರ ಓದಿನಲ್ಲಿ ಬಹಳ ದೊಡ್ಡದು.

ಇಲ್ಲಿ ಇನ್ನೊಂದು ರೂಢಿಯ ಬಗ್ಗೆಯೂ ಹೇಳಬೇಕು. ಹುಡುಗಿಯರಿಗೆ ಹುಡುಗಿಯರ ಕಥೆ, ಹುಡುಗರಿಗೆ ಸಾಹಸದ ಕಥೆ, ಆಟಗಾರರಿಗೆ ಆಟದ ಕಥೆ ಎಂದು ಹಂಚಿಬಿಡುವುದು ಸುಲಭ. ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಪುಸ್ತಕಗಳು ಓದುಗರಿಗೆ ತಮ್ಮನ್ನೇ ತೋರಿಸುವ ಕನ್ನಡಿಗಳೂ ಹೌದು, ಇತರರ ಬದುಕನ್ನು ಕಾಣಿಸುವ ಕಿಟಕಿಗಳೂ ಹೌದು ಎಂದರು. ತಮ್ಮಂಥವರನ್ನು ಪುಸ್ತಕದಲ್ಲಿ ಎಂದೂ ಕಾಣದವರಿಗೆ ಕನ್ನಡಿಯ ಅಗತ್ಯ ತೀವ್ರವಾಗಿರುತ್ತದೆ ಎಂಬುದು ಅವರ ಕಾಳಜಿಯಾಗಿತ್ತು, ಅದು ಇಂದಿಗೂ ನಿಜ. ಹಾಗಿದ್ದರೂ ಒಬ್ಬರ ಹೊರಗಿನ ಗುರುತನ್ನಷ್ಟೇ ನೋಡಿ, ಇವರಿಗೆ ಬೇಕಾಗಿರುವುದು ಕನ್ನಡಿಯೇ ಎಂದು ನಾವು ತೀರ್ಮಾನಿಸಬಾರದು. ಕೇಳಿ ತಿಳಿದುಕೊಳ್ಳಬಹುದಾದುದನ್ನು ಊಹಿಸುವ ಅಗತ್ಯವೇ ಇಲ್ಲ.

ಕಿರು ವಿಡಿಯೊಗಳ ಮೂಲಕ ನಡೆಯುವ ಶಿಫಾರಸಿನ ಶಕ್ತಿ ದೊಡ್ಡದು. ಟಿಕ್‌ಟಾಕ್‌ನಲ್ಲಿ ಯುವ ಓದುಗರು ಹಂಚಿಕೊಂಡ ಮಾತುಗಳಿಂದಾಗಿ, ಪ್ರಕಟವಾಗಿ ಹಲವು ವರ್ಷಗಳಾಗಿದ್ದ ಕಾದಂಬರಿಗಳು ಅತಿಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಗೆ ಮರಳಿ ಬಂದಿವೆ. ಅಲ್ಲಿ ವೇಗವಾಗಿ ಹರಡುವುದು ಅಳು, ಆಘಾತ, ಉನ್ಮಾದದಂಥ ತೀವ್ರ ಭಾವಗಳಾದ್ದರಿಂದ ಮೆಲುದನಿಯ ಒಳ್ಳೆಯ ಕಾದಂಬರಿಗಳು ಹಿಂದೆ ಉಳಿಯುತ್ತವೆ. ಅವುಗಳನ್ನು ಮುಂದಕ್ಕೆ ತರಲು ನಿಮ್ಮಂಥವರ ಸಾವಧಾನದ ಮಾತು ಬೇಕು. ಪ್ರಕಾಶಕರಿಂದ ಪುಸ್ತಕ ಉಚಿತವಾಗಿ ಬಂದಿದ್ದರೆ ಅಥವಾ ಹೇಳಿದ್ದಕ್ಕೆ ಹಣ ಸಿಕ್ಕಿದ್ದರೆ ಅದನ್ನು ಮೊದಲ ಮಾತಿನಲ್ಲಿಯೇ ತಿಳಿಸಿ.

ಪುಸ್ತಕ ಕೊಟ್ಟ ಮೇಲೆ ಸುಮ್ಮನಿರುವುದೂ ಶಿಫಾರಸಿನ ಭಾಗವೇ. ಸಮವಯಸ್ಕರ ಮಾತು ಹಿರಿಯರ ಸಲಹೆಗಿಂತ ಹೆಚ್ಚು ಹಿಡಿಸಲು ಒಂದು ಕಾರಣವೆಂದರೆ ಅದರ ಹಿಂದೆ ಸುಧಾರಣೆಯ ಉದ್ದೇಶವಾಗಲಿ ಪರೀಕ್ಷೆಯಾಗಲಿ ಇರುವುದಿಲ್ಲ. ‘ಎಲ್ಲಿಯವರೆಗೆ ಬಂದೆ? ಇನ್ನೂ ಮುಗಿಸಲಿಲ್ಲವೇ?’ ಎಂದು ದಿನವೂ ವಿಚಾರಿಸಿದರೆ ಆ ಅನುಕೂಲ ಕೈಬಿಟ್ಟುಹೋಗುತ್ತದೆ. ಶಾಲೆಯಲ್ಲಿ ಪಾಠ ಮಾಡಿದ ಅನುಭವವಿದ್ದ ಫ್ರೆಂಚ್ ಲೇಖಕ ಡಾನಿಯೆಲ್ ಪೆನ್ನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದಾಗ ಮೊದಲ ಸ್ಥಾನವನ್ನು ಓದದಿರುವ ಹಕ್ಕಿಗೆ ಕೊಟ್ಟರು. ಪುಟ ಹಾರಿಸುವ ಹಕ್ಕು, ಅರ್ಧಕ್ಕೆ ನಿಲ್ಲಿಸುವ ಹಕ್ಕು ಅದರ ನಂತರ ಬಂದವು. ನ್ಯಾನ್ಸಿ ಪರ್ಲ್ ಹೇಳುವ ನಿಯಮವೂ ಇದಕ್ಕೆ ಹೊಂದುತ್ತದೆ: 50 ಪುಟ ಓದಿ, ಹಿಡಿಸದಿದ್ದರೆ ಬಿಟ್ಟುಬಿಡಿ. ‘50 ಪುಟ ನೋಡು, ಆಮೇಲೆ ನಿನ್ನಿಷ್ಟ’ ಎಂದು ನೀವೇ ಹೇಳಿಬಿಟ್ಟರೆ ಪುಸ್ತಕವನ್ನು ತೆರೆಯುವ ಭಾರ ಅರ್ಧ ಇಳಿಯುತ್ತದೆ. ಅವರು ನಿಜವಾಗಿಯೂ ಬಿಟ್ಟುಬಿಟ್ಟರೆ ಬೇಸರಪಡದೆ ಎಲ್ಲಿ, ಯಾಕೆ ಬಿಟ್ಟರೆಂದು ಕೇಳಿ ನೆನಪಿಟ್ಟುಕೊಳ್ಳಿ. ಮುಂದಿನ ಪುಸ್ತಕವನ್ನು ಆರಿಸಲು ಅದಕ್ಕಿಂತ ಒಳ್ಳೆಯ ಮಾಹಿತಿ ಸಿಗುವುದಿಲ್ಲ. ಅವರು ತಮಗೆ ಇಷ್ಟವಾದದ್ದನ್ನು ನಿಮಗೆ ಕೊಟ್ಟಾಗ ಅದನ್ನೂ ಅಷ್ಟೇ ಶ್ರದ್ಧೆಯಿಂದ ಓದಿ.

ನಿಮಗೆ ಪರಿಚಯವೇ ಇಲ್ಲದ ಓದುಗರಿಗಾಗಿ ಬರೆಯಬೇಕಾದಾಗ, ಉದಾಹರಣೆಗೆ ಗ್ರಂಥಾಲಯದ ಕಪಾಟಿನಲ್ಲಿ ಪುಸ್ತಕದ ಪಕ್ಕ ಇಡುವ ಪುಟ್ಟ ಚೀಟಿಯಲ್ಲಿ, ಯಾರನ್ನೂ ಮೊದಲು ಕೇಳಲು ಆಗುವುದಿಲ್ಲ. ಅಲ್ಲಿ ಓದುಗರು ತಮ್ಮನ್ನು ತಾವೇ ಗುರುತಿಸಿಕೊಳ್ಳುವಂತೆ ಬರೆಯಬೇಕು. ಲೇಖಕರ ಪರಿಚಯಕ್ಕೆ ಜಾಗ ವ್ಯಯಿಸದೆ, ಎಂಥವರಿಗೆ ಇದು ಹಿಡಿಸಬಹುದು ಎಂಬ ಒಂದು ವಾಕ್ಯ, ಕಥೆ ಎಲ್ಲಿಂದ ಶುರುವಾಗುತ್ತದೆ ಎಂಬ ಒಂದೆರಡು ವಾಕ್ಯ, ಎಂಥವರಿಗೆ ಹಿಡಿಸದಿರಬಹುದು ಎಂಬ ಒಂದು ವಾಕ್ಯ ಬರೆಯಿರಿ. ಮೇಲೆ ಕಲ್ಪಿಸಿಕೊಂಡ ಕಾದಂಬರಿಗೆ ನಾನಾದರೆ ಹೀಗೆ ಬರೆಯುತ್ತೇನೆ: ‘ಮನೆಯವರು ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಎಂದಾದರೂ ಅನಿಸಿದ್ದವರಿಗೆ ಈ ಪುಸ್ತಕ. ದ್ವೀಪದಲ್ಲಿರುವ ಹುಡುಗಿಗೆ ಅಣ್ಣನ ಪತ್ರಗಳು ನಿಂತುಹೋಗಿವೆ, ಅಜ್ಜ ಉತ್ತರಿಸುತ್ತಿಲ್ಲ. ಕಥೆ ನಿಧಾನವಾಗಿ ಸಾಗುತ್ತದೆ, ಸಾವಿನ ಪ್ರಸ್ತಾಪವಿದೆ; ವೇಗದ ಓದು ಬೇಕಾದವರು ಬೇರೊಂದನ್ನು ಆರಿಸಿಕೊಳ್ಳಬಹುದು.’ ಕೆಳಗೆ ನಿಮ್ಮ ಮೊದಲ ಹೆಸರು, ವಯಸ್ಸು ಇದ್ದರೆ ಸಾಕು. ನಿಮ್ಮದೇ ವಯಸ್ಸಿನವರು ಬರೆದದ್ದೆಂದು ತಿಳಿದಾಗ ಓದುಗರು ಆ ಚೀಟಿಯನ್ನು ಹೆಚ್ಚು ನಂಬುತ್ತಾರೆ.