ಗರಗರ ಶಬ್ದ ಬಂದರೆ ಕಂಪ್ರೆಸರ್ ಹೋಯ್ತು ಅಂತಲ್ಲ

ಬೇಸಿಗೆ ಶುರುವಾದರೆ ನಮ್ಮ ಗ್ಯಾರೇಜಿಗೆ ಬರುವವರ ಮಾತು ಒಂದೇ: "ಅಣ್ಣ, ಎಸಿ ಕಂಪ್ರೆಸರ್ ಹೋಗಿದೆಯಂತೆ. ಹೊಸದಕ್ಕೆ ಎಷ್ಟಾಗುತ್ತೆ?" ನಾನು ತಿರುಗಿ ಕೇಳುತ್ತೇನೆ, "ಎಸಿ ಆಫ್ ಮಾಡಿದಾಗಲೂ ಶಬ್ದ ಬರುತ್ತಾ?" ಅದನ್ನು ಗಮನಿಸಿದವರು ಕಡಿಮೆ.

ಕಂಪ್ರೆಸರ್ ಅಂದರೆ ಎಸಿ ಗ್ಯಾಸನ್ನು ಒತ್ತಿ ಓಡಿಸುವ ಪಂಪ್. ಅದರ ಮುಂದಿರುವ ಪುಲ್ಲಿ (ಬೆಲ್ಟ್ ಸುತ್ತುವ ಚಕ್ರ), ಎಸಿ ಹಾಕಲಿ ಬಿಡಲಿ, ಎಂಜಿನ್ ಓಡುವಷ್ಟು ಹೊತ್ತೂ ಬೆಲ್ಟಿನ ಜೊತೆ ತಿರುಗುತ್ತಲೇ ಇರುತ್ತದೆ. ಎಸಿ ಹಾಕಿದಾಗ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ಕ್ಲಚ್ ಪ್ಲೇಟನ್ನು ಪುಲ್ಲಿಗೆ ಎಳೆದುಕೊಳ್ಳುತ್ತದೆ. ಆ 'ಟಕ್' ಸದ್ದು ಅದೇ. ಕಂಪ್ರೆಸರಿನ ಒಳಭಾಗ ತಿರುಗುವುದು ಅದಾದ ಮೇಲೆ. ಹಾಗಾಗಿ ಎಸಿ ಆಫ್ ಇದ್ದಾಗಲೂ ಗರಗರ ಅಂದರೆ ತಪ್ಪು ಹೊರಗಿದೆ: ಪುಲ್ಲಿಯ ಬೇರಿಂಗ್, ಬೆಲ್ಟ್, ಇಲ್ಲವೇ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್. (ಕೆಲವು ಹೊಸ ಕಾರುಗಳಲ್ಲಿ ಈ ಕ್ಲಚ್ಚೇ ಇಲ್ಲ. ಅವಕ್ಕೆ ಈ ಲೆಕ್ಕ ನಡೆಯದು.)

ಮನೆಯಲ್ಲೇ ನೋಡಬಹುದು. ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಕೀ ಜೇಬಿನಲ್ಲಿರಲಿ. ಬೆಲ್ಟ್ ಹಾದುಹೋಗುವ ದಾರಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೇ ಬಿಚ್ಚಿ. ಇಲ್ಲದಿದ್ದರೆ ವಾಪಸ್ ಹಾಕುವಾಗ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಆಮೇಲೆ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಹಾಳಾದ ಬೇರಿಂಗ್ ಒಳಗೆ ಮರಳು ಸೇರಿದ ಹಾಗೆ ಕರಕರ ಅನ್ನುತ್ತದೆ, ಅಲ್ಲಾಡಿಸಿದರೆ ಸಡಿಲವಾಗಿರುವುದು ಗೊತ್ತಾಗುತ್ತದೆ.

ಕಂಪ್ರೆಸರ್ ಪುಲ್ಲಿಯ ಬೇರಿಂಗ್ ಬದಲಿಸಲು ಗ್ಯಾಸ್ ಪೈಪ್ ಮುಟ್ಟುವುದೇ ಬೇಡ. ನಡುವಿನ ಬೋಲ್ಟ್ ಬಿಚ್ಚಿ ಕ್ಲಚ್ ಪ್ಲೇಟ್ ತೆಗೆಯಿರಿ. ಅದರ ಹಿಂದೆ ಉಗುರಿನಷ್ಟು ತೆಳುವಾದ ವಾಷರ್‌ಗಳು, ಅಂದರೆ ಶಿಮ್‌ಗಳು, ಎಣ್ಣೆಗೆ ಅಂಟಿಕೊಂಡಿರುತ್ತವೆ. ನನ್ನ ಹುಡುಗ ಒಂದನ್ನು ಬೀಳಿಸಿ, ನಾವಿಬ್ಬರೂ ಅರ್ಧ ಗಂಟೆ ನೆಲ ಗುಡಿಸಿದ್ದೇವೆ. ನಂತರ ಪುಲ್ಲಿ ಜಾರದಂತೆ ಹಿಡಿದಿರುವ ಸರ್ಕ್ಲಿಪ್ (ಸ್ಪ್ರಿಂಗ್ ರಿಂಗ್) ತೆಗೆದು, ಪುಲ್ಲರ್ ಹಾಕಿ ಪುಲ್ಲಿ ಎಳೆಯಿರಿ. ಸುತ್ತಿಗೆ ಬೇಡ. ಹೊಸ ಬೇರಿಂಗನ್ನು ಪುಲ್ಲಿಗೆ ಕೂರಿಸುವಾಗ ಹೊರ ರಿಂಗಿನ ಮೇಲೆ ಮಾತ್ರ ಒತ್ತಬೇಕು. ಪುಲ್ಲಿಯನ್ನು ಕಂಪ್ರೆಸರಿಗೆ ಏರಿಸುವಾಗ ಒಳ ರಿಂಗಿನ ಮೇಲೆ. ಇದು ತಪ್ಪಿದರೆ ಹೊಸ ಬೇರಿಂಗೂ ಬೇಗ ಗರಗರ ಅನ್ನುತ್ತದೆ.

ಪ್ಲೇಟ್ ವಾಪಸ್ ಹಾಕಿದ ಮೇಲೆ ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ಪ್ಲೇಟ್ ಮತ್ತು ಪುಲ್ಲಿಯ ನಡುವಿನ ಗ್ಯಾಪನ್ನು ಸುತ್ತಲೂ ಮೂರು ಕಡೆ ಅಳೆಯಿರಿ. ಸಾಮಾನ್ಯವಾಗಿ 0.3ರಿಂದ 0.6 ಮಿ.ಮೀ. ಇರಬೇಕು, ನಿಖರ ಅಳತೆ ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿರುತ್ತದೆ. ಜಾಸ್ತಿ ಇದ್ದರೆ ಒಂದು ಶಿಮ್ ತೆಗೆಯಿರಿ.

ಎಸಿ ಹಾಕಿದಾಗ ಮಾತ್ರ ಶಬ್ದ ಬಂದರೆ? ಮೊದಲು ಕಂಪ್ರೆಸರ್ ಹಿಡಿದಿರುವ ಬೋಲ್ಟ್‌ಗಳನ್ನು ಬಿಗಿ ಮಾಡಿ ನೋಡಿ. ಗ್ಯಾಸ್ ಕಡಿಮೆಯಾದರೂ ಶಬ್ದ ಬರಬಹುದು, ಏಕೆಂದರೆ ಒಳಗಿನ ಎಣ್ಣೆ ಗ್ಯಾಸಿನ ಜೊತೆಯೇ ಓಡಾಡುತ್ತದೆ. ಜಾಸ್ತಿ ತುಂಬಿಸಿದರೂ ಗಡಗಡ. ಪ್ರತಿ ಬೇಸಿಗೆಗೆ ಸುಮ್ನೆ 'ಟಾಪ್ ಅಪ್' ಮಾಡಿಸುವವರಿಗೆ ಲೀಕ್ ಹುಡುಕಿಸಿ ಅಂತಲೇ ಹೇಳುತ್ತೇನೆ.

ಒಳಗಿನ ಲೋಹವೇ ಸವೆದಿದ್ದರೆ ಮಾತ್ರ ಅದು ನಿಮ್ಮ ಕೆಲಸವಲ್ಲ. ಆ ಪುಡಿ ಗ್ಯಾಸನ್ನು ತಣ್ಣಗಾಗಿಸುವ ಕಂಡೆನ್ಸರಿನವರೆಗೂ ಹೋಗಿರುತ್ತದೆ. ಬರೀ ಕಂಪ್ರೆಸರ್ ಬದಲಿಸಿದರೆ ಅದೇ ಪುಡಿ ಹೊಸದನ್ನೂ ತಿನ್ನುತ್ತದೆ. ಪೈಪನ್ನಂತೂ ಮನೆಯಲ್ಲಿ ಬಿಚ್ಚಬೇಡಿ. 30 ಡಿಗ್ರಿ ಸೆಕೆಯಲ್ಲಿ, ಎಂಜಿನ್ ಬಂದ್ ಇದ್ದರೂ, ಹಲವು ಕಾರುಗಳ ಎಸಿಯಲ್ಲಿರುವ ಆರ್134ಎ ಗ್ಯಾಸಿನ ಒತ್ತಡ ಟೈರಿನದಕ್ಕಿಂತ ಸುಮಾರು ಮೂರು ಪಟ್ಟು. ಹೊರಬಂದರೆ ಮೈನಸ್ 26 ಡಿಗ್ರಿಯಲ್ಲಿ ಕುದಿಯುವ ಗ್ಯಾಸ್ ಅದು, ಬೆರಳಿಗೆ ತಗುಲಿದರೆ ಚರ್ಮ ಹೆಪ್ಪುಗಟ್ಟುತ್ತದೆ.