ಡಯಟ್ ಬಿಟ್ಟ ಮೇಲೆ ಹಸಿವನ್ನು ಮತ್ತೆ ಗುರುತಿಸುವುದು ಹೇಗೆ?

ವರ್ಷಗಟ್ಟಲೆ ಡಯಟ್ ಮಾಡಿ ಸುಸ್ತಾದವರ ದೂರು ಬಹುಮಟ್ಟಿಗೆ ಒಂದೇ: "ನನಗೆ ಬಾಯಿ ಕಟ್ಟೋಕೆ ಆಗಲ್ಲ." ಹಗಲೆಲ್ಲ ಅಳೆದು ತೂಗಿ ತಿನ್ನುತ್ತಾರೆ, ರಾತ್ರಿ ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡಿ ತಮ್ಮನ್ನೇ ಬೈದುಕೊಳ್ಳುತ್ತಾರೆ. ಇದು ಮನೋಬಲದ ಕೊರತೆಯಲ್ಲ. ಹಗಲು ಕೊಡದೆ ಉಳಿಸಿಕೊಂಡಿದ್ದನ್ನು ದೇಹ ರಾತ್ರಿ ವಸೂಲು ಮಾಡುತ್ತದೆ, ಅಷ್ಟೆ.

1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ದೇಹ ಮನಸ್ಸು ಎರಡೂ ಗಟ್ಟಿಯಾಗಿದ್ದ 36 ಗಂಡಸರನ್ನು ಆರಿಸಿ 24 ವಾರ ಅರೆಹೊಟ್ಟೆಯಲ್ಲಿ ಇರಿಸಿದರು. ತೂಕ ಸುಮಾರು ಕಾಲುಭಾಗ ಇಳಿಯಿತು. ಅವರಿಗೆ ಹಗಲಿರುಳು ಊಟದ್ದೇ ಧ್ಯಾನವಾಯಿತು. ಕೆಲವರು ಅಡುಗೆ ಪುಸ್ತಕ ಹಿಡಿದು ಕೂತರು. ನಿರ್ಬಂಧ ತೆಗೆದ ಮೇಲೂ ಎಷ್ಟು ತಿಂದರೂ ತೃಪ್ತಿಯಾಗದವರಿದ್ದರು. ಕಡಿಮೆ ತಿನ್ನುವುದೇ ಈ ಹುಚ್ಚು ಹಿಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಇದರಿಂದ ಹೊರಬರುವ ಒಂದು ದಾರಿ ಇಂಟ್ಯೂಟಿವ್ ಈಟಿಂಗ್: ಡಯಟ್‌ನ ನಿಯಮ ಬಿಟ್ಟು, ದೇಹ ಕೊಡುವ ಹಸಿವು-ತೃಪ್ತಿಯ ಸುಳಿವಿನಂತೆ ತಿನ್ನುವುದು. ಅದೆಂದರೆ "ಹಸಿದಾಗ ತಿನ್ನಿ, ಹೊಟ್ಟೆ ತುಂಬಿದಾಗ ನಿಲ್ಲಿಸಿ" ಎಂದು ಎರಡೇ ಮಾತಿಗೆ ಇಳಿಸಿದವರು ಎಡವುವುದು ಅಲ್ಲೇ. ಬಹುಕಾಲ ಹಸಿವನ್ನು ಅದುಮಿದವರಿಗೆ ಅದರ ಸುಳಿವೇ ಸಿಗುವುದಿಲ್ಲ. "ಹಸಿವಿಲ್ಲದೆ ತಿಂದೆ, ತಪ್ಪಾಯಿತು" ಎಂದು ಅದನ್ನೂ ಇನ್ನೊಂದು ಡಯಟ್ ಮಾಡಿಕೊಳ್ಳುತ್ತಾರೆ.

ಆದ್ದರಿಂದ ಮೊದಲ ಎರಡರಿಂದ ನಾಲ್ಕು ವಾರ ಗಡಿಯಾರ ನೋಡಿ ತಿನ್ನಿ. ಎದ್ದ ಒಂದು ಗಂಟೆಯೊಳಗೆ ಏನಾದರೂ, ಆಮೇಲೆ ಮೂರು-ನಾಲ್ಕು ಗಂಟೆಗೊಮ್ಮೆ: ಮೂರು ಊಟ, ಎರಡು ಮೂರು ಸಲ ಲಘು ತಿಂಡಿ. ಊಟದಲ್ಲಿ ಪಿಷ್ಟ, ಪ್ರೋಟೀನ್, ಕೊಬ್ಬು ಮೂರೂ ಇರಲಿ. ಹೊಟ್ಟೆ ಗುರುಗುಟ್ಟುವುದೊಂದೇ ಹಸಿವಲ್ಲ. ಸಿಡುಕು, ತಲೆನೋವು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಮತ್ತೆ ಮತ್ತೆ ತಿಂಡಿಯ ನೆನಪು, ಇವೂ ಹಸಿವೇ.

ಇಷ್ಟಾದ ಮೇಲೆ 0ಯಿಂದ 10ರ ಅಳತೆಯನ್ನು ಬಳಸಿ. 0 ಎಂದರೆ ಕೈಕಾಲು ನಡುಗುವ ಹಸಿವು, 5 ಎಂದರೆ ಹಸಿವೂ ಇಲ್ಲ ಭರ್ತಿಯೂ ಇಲ್ಲ, 10 ಎಂದರೆ ಹೊಟ್ಟೆ ನೋಯುವಷ್ಟು. 3 ಅಥವಾ 4ರಲ್ಲಿ ಊಟಕ್ಕೆ ಕೂತರೆ 7ರ ಹತ್ತಿರ ನಿಲ್ಲಿಸುವುದು ಸುಲಭ. 1ರವರೆಗೆ ಕಾದರೆ ಗಬಗಬ ತಿನ್ನುತ್ತೀರಿ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಪೂರ್ತಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು, ಅಷ್ಟರಲ್ಲಿ 9 ದಾಟಿರುತ್ತದೆ.

ಮುಂದಿನದು ಕಷ್ಟದ್ದು: ಹೆದರಿ ದೂರ ಇಟ್ಟ ತಿನಿಸು. ಒಂದನ್ನೇ ಆರಿಸಿ, ಚಾಕೊಲೇಟ್ ಆದರೆ ಒಂದೇ ರುಚಿಯದು. ಅದೇ ರುಚಿ ಮತ್ತೆ ಮತ್ತೆ ಸಿಕ್ಕಾಗಲೇ ಅದರ ಸೆಳೆತ ತಗ್ಗುತ್ತದೆ. ದಿನಕ್ಕೊಂದು ಬಗೆ ತಂದರೆ ತಗ್ಗುವುದಿಲ್ಲ. ಒಂದು ಸಲಕ್ಕೆ ಮುಗಿಸಲಾಗದಷ್ಟು ಮನೆಯಲ್ಲಿರಲಿ. ಹಸಿದಾಗ ಬೇಡ, ಊಟವಾದ ಒಂದು ಗಂಟೆಯ ಮೇಲೆ ತಟ್ಟೆಗೆ ಹಾಕಿಕೊಂಡು, ಫೋನ್ ಬದಿಗಿಟ್ಟು ಕೂತು ತಿನ್ನಿ. ವಾಸನೆ, ನಾಲಗೆಯ ಮೇಲೆ ಕರಗುವ ಬಗೆ, ನುಂಗಿದ ಮೇಲೆ ಉಳಿಯುವ ರುಚಿ ಗಮನಿಸಿ. ಅರ್ಧದಲ್ಲಿ ಒಮ್ಮೆ ನಿಂತು, ಮೊದಲ ತುತ್ತಿನಷ್ಟೇ ಹಿತವಾಗಿದೆಯೇ ನೋಡಿ. ಆಗಿದ್ದರೆ ಮುಂದುವರಿಸಿ, ಇಲ್ಲದಿದ್ದರೆ ಎತ್ತಿಡಿ, ನಾಳೆಗೂ ಇದೆ. ವಾರಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿ.

ಶುರುವಿನಲ್ಲಿ ಹೆಚ್ಚು ತಿನ್ನುವುದು ಸಹಜ. ಬಹಳ ಜನ ಇಲ್ಲೇ ಗಾಬರಿಯಾಗಿ ಪೊಟ್ಟಣ ಎಸೆದು "ನಾಳೆಯಿಂದ ಬಂದ್" ಎನ್ನುತ್ತಾರೆ. ಇದೇ ಕೊನೆಯ ಸಲ ಎಂದು ಮನಸ್ಸಿಗೆ ಬಂದರೆ ಸಾಕು, ಮತ್ತೆ ಮುಗಿಬೀಳುತ್ತಾರೆ. ಈ ಘಟ್ಟ ದಾಟಲು ದಯವಿಟ್ಟು ನಿಮಗೆ ಸಮಯ ಕೊಟ್ಟುಕೊಳ್ಳಿ.

ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿ. ನೀರು, ಉಪ್ಪು, ಮುಟ್ಟಿನ ಚಕ್ರದಿಂದಲೇ ತೂಕ ಒಂದೆರಡು ಕಿಲೋ ಏರಿಳಿಯುತ್ತದೆ. ದೇಹ ಸ್ನಾಯು, ಯಕೃತ್ತಿನಲ್ಲಿ ಕೂಡಿಡುವ ಪಿಷ್ಟವೇ ಗ್ಲೈಕೋಜನ್; ಅದರ ಒಂದು ಗ್ರಾಂ ಸುಮಾರು 3 ಗ್ರಾಂ ನೀರು ಹಿಡಿದಿಡುತ್ತದೆ. ಡಯಟ್‌ನ ಮೊದಲ ವಾರ ಇಳಿಯುವುದರಲ್ಲಿ ಬಹುಪಾಲು ಇದೇ ನೀರು. ಕನ್ನಡಿಯಲ್ಲಿ ಹೊಟ್ಟೆ ನೋಡುವುದು, ಕೈಯಲ್ಲಿ ಹಿಡಿದು ಅಳೆಯುವುದು ದಿನಕ್ಕೆ ಎಷ್ಟು ಸಲ ಎಂದು ಬರೆದಿಡಿ, ಮುಂದಿನ ವಾರ ಅರ್ಧಕ್ಕಿಳಿಸಿ. ಬಿಗಿಯಾದ ಬಟ್ಟೆ ದಿನವಿಡೀ ಚುಚ್ಚಿ ನೆನಪಿಸುತ್ತದೆ; ಈಗಿನ ಮೈಗೆ ಹೊಂದುವ ಎರಡು ಜೊತೆ ಇಟ್ಟುಕೊಳ್ಳಿ. ದೇಹವನ್ನು ಪ್ರೀತಿಸಲೇಬೇಕೆಂದಿಲ್ಲ, ಮರ್ಯಾದೆಯಿಂದ ನಡೆಸಿಕೊಂಡರೆ ಸಾಕು. ತೂಕ ಏರಬಹುದು, ಇಳಿಯಬಹುದು, ಹಾಗೇ ಉಳಿಯಬಹುದು. ಇಳಿಸುವ ಆಸೆಯಿಂದಲೇ ಇದಕ್ಕೆ ಕೈ ಹಾಕಿದರೆ ನಿರ್ಬಂಧ ಹಿಂಬಾಗಿಲಿನಿಂದ ಒಳಬರುತ್ತದೆ.

ಪೌಷ್ಟಿಕತೆಯ ಲೆಕ್ಕ ಭಯ ಕಡಿಮೆಯಾದ ಮೇಲೆ. ಆಗಲೂ ತೆಗೆಯುವುದಕ್ಕಿಂತ ಸೇರಿಸುವುದನ್ನೇ ಯೋಚಿಸಿ: ಒಂದಿಷ್ಟು ತರಕಾರಿ, ಕಾಳು, ಹಣ್ಣು.

ಕೆಲವರು ಇದನ್ನು ಒಬ್ಬರೇ ಮಾಡಕೂಡದು. ಇನ್ಸುಲಿನ್ ತೆಗೆದುಕೊಳ್ಳುವವರು ಹಸಿವಿಲ್ಲವೆಂದು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅನೊರೆಕ್ಸಿಯಾ (ತೂಕ ಏರುವ ಭಯದಿಂದ ಊಟ ತೀರಾ ಕಡಿಮೆ ಮಾಡುವ ಕಾಯಿಲೆ) ಇರುವವರ ಹಸಿವು ನಂಬುವ ಸ್ಥಿತಿಯಲ್ಲಿರುವುದಿಲ್ಲ; ತೀರಾ ಸೊರಗಿದವರು ಒಮ್ಮೆಲೇ ಹೆಚ್ಚು ತಿಂದರೆ ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣ ಇಳಿದು ಹೃದಯಕ್ಕೆ ತೊಂದರೆಯಾಗಬಹುದು. ತಿಂದದ್ದನ್ನು ವಾಂತಿ ಮಾಡಿಕೊಳ್ಳುವವರೂ ಮೊದಲು ವೈದ್ಯರನ್ನು ಕಾಣಬೇಕು. ಊಟದ ಪ್ರಮಾಣ, ಹೊತ್ತು ಎರಡನ್ನೂ ಅಲ್ಲಿಯೇ ನಿಗದಿ ಮಾಡಿಸಿಕೊಳ್ಳಬೇಕು.